ಒಂದೇ ಥಾನಿನ ಬಟ್ಟೆ

ಟೀಚರನ್ನು ಮಣ್ಣು ಮಾಡಿದ ದಿನ ಇಗರ್ಜಿಯಲ್ಲಿ ಪ್ರಸಂಗ ಮಾಡಿದ್ದು ಅವರ ಸ್ವಂತ ತಮ್ಮ, ಪಾದ್ರಿ. ಅಕ್ಕ ಕ್ಷಮೆಯ ಮೂರ್ತಿಯಾಗಿದ್ದಳು, ದಾರಿ ತಪ್ಪಿದ ಮಗನನ್ನು ಎರಡೂ ಕೈ ಚಾಚಿ ಒಳಗೆ ಕರೆದುಕೊಂಡಳು ಎಂದರು. ಮುಂದಿನ ಬೆಂಚುಗಳಲ್ಲಿ ಮೂಗು ಒರೆಸುವ ಸದ್ದು ಕೇಳಿತು. ನಾನು ಹಿಂದೆ, ಬಾಗಿಲ ಹತ್ತಿರ ಕೂತಿದ್ದೆ. ಆ ಎರಡು ಕೈಗಳನ್ನು ಒಂದೇ ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ನೋಡಿದವನು ನಾನು. ಅವು ಚಾಚಿದ್ದನ್ನು ಕಂಡ ನೆನಪಿಲ್ಲ. ಬಲಗೈಯಲ್ಲಿ ಕತ್ತರಿ ಇರುತ್ತಿತ್ತು, ಎಡಗೈಯಲ್ಲಿ ಯಾರದಾದರೂ ಬಟ್ಟೆಯ ಅಂಚು.

ನಿಜವಾದ ಟೀಚರನ್ನು ನಾನು ತೋರಿಸಿಕೊಡುತ್ತೇನೆ ಎಂಬ ಭ್ರಮೆ ನನಗಿಲ್ಲ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅದು ಬರೆಯುವವನ ನೆನಪು, ತನಗೆ ಬೇಕಾದ ಕಡೆ ಹೊಲಿಗೆ ಹಾಕಿಕೊಳ್ಳುತ್ತದೆ. ಆದರೆ ಆ ಪ್ರಸಂಗದಲ್ಲಿ ಬಂದ ಹೆಂಗಸಿನ ಪರಿಚಯ ನನಗೆ ಇಲ್ಲವೇ ಇಲ್ಲ. ಊರು ಈಗ ನೆನಪಿಟ್ಟುಕೊಂಡಿರುವುದು ಅವಳನ್ನೇ.

ಹೆಸರು ಬರೆಯುವುದಿಲ್ಲ. ಮಂಜೇಶ್ವರದ ಕಡೆಯ ನಮ್ಮ ಕನ್ನಡ ಶಾಲೆಯಲ್ಲಿ ಅವರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಕೇರಳ ಸರ್ಕಾರದ ಕಾಗದಗಳಲ್ಲಿ ತಯ್ಯಲ್ ಟೀಚರ್, ಮಕ್ಕಳ ಬಾಯಲ್ಲಿ ಹೊಲಿಗೆ ಟೀಚರ್, ಅಕ್ಕಪಕ್ಕದ ತುಳುವರಿಗೆ ಬಾಯಮ್ಮ. ಎಂಬತ್ತರ ದಶಕದ ನಡುವಿನಲ್ಲಿ ನಾನು ಅಲ್ಲಿಗೆ ಕನ್ನಡ ಕಲಿಸಲು ಸೇರಿದಾಗ ಅವರ ಗಂಡ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಇಬ್ಬರು ಗಂಡುಮಕ್ಕಳು: ದೊಡ್ಡವನು ಲಾರೆನ್ಸ್ ಆಗಲೇ ಗಲ್ಫಿಗೆ ಹೋಗಿದ್ದ, ಚಿಕ್ಕವನು ಸ್ಟ್ಯಾನಿ ಕಾಲೇಜಿಗೆ ಹೋಗುತ್ತಿದ್ದ.

ಸ್ಟಾಫ್ ರೂಮಿನ ಕಿಟಕಿಯ ಪಕ್ಕ ಅವರ ಹೊಲಿಗೆ ಮೆಷಿನ್. ನಮ್ಮ ಸಂಬಳ, ವರ್ಗಾವಣೆ, ಸಂಘದ ಜಗಳಗಳೆಲ್ಲ ಆ ಮೆಷಿನ್ನಿನ ಸದ್ದಿನ ಮೇಲೆಯೇ ನಡೆಯಬೇಕಿತ್ತು. ಟೀಚರ್ ಸೇರಿಕೊಳ್ಳುತ್ತಿರಲಿಲ್ಲ. ಆದರೆ ಪ್ರಪಂಚದಲ್ಲಿ ನಡೆಯುವ ಎಲ್ಲವೂ ಅವರ ಪಾಲಿಗೆ ಯಾರೋ ಹೊಲಿದು ತಂದ ಬಟ್ಟೆ. ಹೆಡ್‌ಮಾಸ್ಟರು ಅರ್ಧ ತಾಸು ಭಾಷಣ ಮಾಡಿ ಬಂದು ಹೇಗಿತ್ತು ಎಂದು ಕೇಳಿದರೆ, "ಕಾಲರ್ ಚಂದ ಉಂಟು. ತೋಳು ಎಲ್ಲಿ ಅಂತ ಹುಡುಕ್ತಾ ಇದ್ದೇನೆ" ಎನ್ನುತ್ತಿದ್ದರು. ನನ್ನದೊಂದು ಕಥೆ ಪತ್ರಿಕೆಯಲ್ಲಿ ಬಂದಾಗ ಊಟದ ಹೊತ್ತಿನಲ್ಲಿ ಪೂರ್ತಿ ಓದಿ, ಮಡಚಿ ಕೊಟ್ಟು, "ಬಟ್ಟೆ ಒಳ್ಳೇದು ಮಾಸ್ಟ್ರೇ. ಬಟನ್ ಜಾಸ್ತಿ ಆಯ್ತು" ಎಂದರು. ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕಿದ ವಿಮರ್ಶೆಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಒಳ್ಳೆಯವರಾಗಿದ್ದರೇ? ಹೇಳುವುದು ಕಷ್ಟ. ಏಳನೆಯ ತರಗತಿಯ ಒಬ್ಬ ಹುಡುಗಿ ಒಂದು ಮಧ್ಯಾಹ್ನವಿಡೀ ಕೂತು ಹಾಕಿದ ಹೊಲಿಗೆಯನ್ನು ಎಲ್ಲರ ಎದುರು ಬಿಚ್ಚಿ, ದಾರವನ್ನು ಅವಳ ಕೈಗೇ ಕೊಟ್ಟದ್ದನ್ನು ನೋಡಿದ್ದೇನೆ. ಹುಡುಗಿ ಅತ್ತಳು. ಟೀಚರ್ ಇನ್ನೊಂದು ಸೂಜಿಗೆ ದಾರ ಪೋಣಿಸಿದರು. ತಪ್ಪು ಹೊಲಿಗೆಯನ್ನು ಬಿಚ್ಚದೆ ಅದರ ಮೇಲೆಯೇ ಇನ್ನೊಂದು ಹಾಕುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಇನ್ನೊಂದು ಅಭ್ಯಾಸವಿತ್ತು. ಹೊಲಿಯುವಾಗ ಗುಂಡುಸೂಜಿಗಳನ್ನು ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಳ್ಳುವುದು ದರ್ಜಿಗಳೆಲ್ಲ ಮಾಡುವುದೇ. ಟೀಚರ್ ಮಾತ್ರ ಉತ್ತರ ಕೊಡಲು ಮನಸ್ಸಿಲ್ಲದ ಪ್ರಶ್ನೆ ಬಂದ ಕೂಡಲೇ, ಎದುರಿಗೆ ಬಟ್ಟೆ ಇಲ್ಲದಿದ್ದರೂ, ಡಬ್ಬಿ ತೆರೆದು ಸೂಜಿಗಳನ್ನು ಬಾಯಿಗೆ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಯಾರೂ ಏನೂ ಕೇಳುವಂತಿಲ್ಲ. ತಲೆ ಆಡಿಸುವುದಷ್ಟೇ ಸಿಗುತ್ತಿತ್ತು.

ಕ್ರೈಸ್ತರ ತೆನೆ ಹಬ್ಬ ಸೆಪ್ಟೆಂಬರಿನಲ್ಲಿ ಬರುತ್ತದೆ, ಮೇರಿಯಮ್ಮ ಹುಟ್ಟಿದ ದಿನ. ಇಗರ್ಜಿಯಲ್ಲಿ ಬಾಲ ಮೇರಿಯ ಪುಟ್ಟ ಮೂರ್ತಿಗೆ ಹೊಸ ಅಂಗಿ ತೊಡಿಸುತ್ತಾರೆ. ಅದನ್ನು ಹೊಲಿಯುವುದು ಟೀಚರೇ. ಮನೆಯಲ್ಲಿಯೂ ಅವರದೊಂದು ಪದ್ಧತಿ. ಮಂಗಳೂರಿನಿಂದ ಒಂದೇ ಥಾನಿನ ಬಟ್ಟೆ ತಂದು ಮನೆಯ ಗಂಡಸರಿಗೆಲ್ಲ ಅಂಗಿ, ಉಳಿದದ್ದರಲ್ಲಿ ದಿಂಬಿನ ಚೀಲ. ಆ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆಯೇ ಇತ್ತು. ಜಾತ್ರೆಯಲ್ಲಿ ಮಕ್ಕಳು ಕಳೆದುಹೋದರೆ ಅಂಗಿ ನೋಡಿ ಜನ ತಂದು ಬಿಡುತ್ತಿದ್ದರು. ಆದರೆ ಟೀಚರ್ ಮಕ್ಕಳು ದೊಡ್ಡವರಾದ ಮೇಲೂ ಬಿಡಲಿಲ್ಲ. ನಾವೆಂತ ಬ್ಯಾಂಡ್‌ಸೆಟ್‌ನವರಾ ಎಂದು ಲಾರೆನ್ಸ್ ರೇಗುತ್ತಿದ್ದನಂತೆ. ಗಲ್ಫಿನಿಂದ ರಜೆಗೆ ಬಂದಾಗ ಹಾಕಿಕೊಳ್ಳುತ್ತಲೂ ಇದ್ದನಂತೆ.

ಸ್ಟ್ಯಾನಿ ಎಕ್ಸ್‌ರೇ ತೆಗೆಯುವ ಕೆಲಸ ಕಲಿತು ಮಂಗಳೂರಿನ ಒಂದು ಆಸ್ಪತ್ರೆಗೆ ಸೇರಿದ. ಬೆಳಗ್ಗಿನ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದ. ಒಳ್ಳೆಯ ಸಂಬಂಧಗಳು ಬಂದವು. ಒಂದು ಮನೆಗೆ ಹುಡುಗಿ ನೋಡಲು ಹೋಗಿ ಬಂದ ಸಂಜೆ ಅವನು ತಾಯಿಗೆ ಹೇಳಿಬಿಟ್ಟ: ತನಗೆ ಹೆಣ್ಣುಗಳ ಮೇಲೆ ಮನಸ್ಸಿಲ್ಲ, ಗಂಡಸರ ಮೇಲೆಯೇ ಹೋಗುತ್ತದೆ, ಚಿಕ್ಕಂದಿನಿಂದಲೂ ಹಾಗೆಯೇ, ಒಂದು ಹುಡುಗಿಗೆ ಮೋಸ ಮಾಡಲಾರೆ. ಈಗ ಪತ್ರಿಕೆಗಳಲ್ಲಿ ಸಲಿಂಗಿ ಎಂದು ಬರೆಯುತ್ತಾರೆ. ಆಗ ನಮ್ಮೂರಲ್ಲಿ ಇದ್ದದ್ದು ಬೈಗುಳಗಳು ಮಾತ್ರ. ಅವು ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಎಲ್ಲದರಲ್ಲೂ ಧಾರಾಳವಾಗಿದ್ದವು.

ಟೀಚರ್ ಏನು ಮಾಡಿದರು? ಪ್ರಸಂಗದಲ್ಲಿ ಇಲ್ಲಿ ಎರಡು ಕೈ ಚಾಚಿದರು ಎಂದಿದೆ. ಅವರು ತಮ್ಮನಿಗೆ ಹೇಳಿಕಳುಹಿಸಿದರು. ಪಾದ್ರಿಗಳು ಬಂದರು. ಇದು ಗುಣವಾಗುವ ವಿಷಯ, ಪ್ರಾರ್ಥನೆ ಬೇಕು ಎಂದರು. ಕೇರಳದ ತೆಂಕು ಕಡೆಯ ಒಂದು ಧ್ಯಾನ ಕೇಂದ್ರದ ವಿಳಾಸ ಕೊಟ್ಟರು. ಅಲ್ಲಿ ವಾರವಿಡೀ ಪ್ರಾರ್ಥನೆ, ಹಾಡು, ಪ್ರಸಂಗ; ಕುಡಿತ ಬಿಟ್ಟವರು, ಗಡ್ಡೆ ಕರಗಿದವರು ವೇದಿಕೆ ಹತ್ತಿ ಸಾಕ್ಷಿ ಹೇಳುತ್ತಾರೆ. ಟೀಚರ್ ರಜೆ ಹಾಕಿ ಮಗನನ್ನು ರೈಲು ಹತ್ತಿಸಿಕೊಂಡು ಹೋದರು. ಸ್ಟಾಫ್ ರೂಮಿನಲ್ಲಿ ಮೆಷಿನ್ ನಿಂತ ವಾರ ಅದೊಂದೇ. ನಮಗೆಲ್ಲ ಹಾಯೆನಿಸಿತು ಎಂದೂ ಬರೆಯಬೇಕು.

ವಾಪಸು ಬಂದಾಗ ಯಾರೋ ಕೇಳಿದರು, ಹೇಗಾಯಿತು ಟೀಚರ್ ಎಂದು. ಡಬ್ಬಿ ತೆರೆದರು.

ಕೆಲವೇ ತಿಂಗಳಲ್ಲಿ ಸ್ಟ್ಯಾನಿ ಮಂಗಳೂರಿನಲ್ಲಿ ಬಾಡಿಗೆಗೆ ಮನೆ ಮಾಡಿದ. ಜೊತೆಗೆ ಒಬ್ಬ ಇದ್ದಾನೆ, ಮಲಯಾಳಿ, ಸಜಿ ಅಂತ, ಅದೇ ಆಸ್ಪತ್ರೆಗೆ ಈಗಷ್ಟೇ ಸೇರಿದ ನರ್ಸು ಎಂಬ ಸುದ್ದಿ ಬಂತು. ಸುದ್ದಿ ತಂದವರು ಯಾರೆಂಬುದು ಮುಖ್ಯವಲ್ಲ. ಮಂಗಳೂರಿನಿಂದ ಮಂಜೇಶ್ವರಕ್ಕೆ ಬಸ್ಸು ಬೇಕಾದಷ್ಟಿತ್ತು. ಲಾರೆನ್ಸ್ ಗಲ್ಫಿನಿಂದ ಫೋನು ಮಾಡಿ, ಅವನು ಮನೆ ಹತ್ತಬಾರದು ಎಂದನಂತೆ. ಸ್ಟ್ಯಾನಿ ಬರಲಿಲ್ಲ. ಟೀಚರ್ ಕರೆಯಲಿಲ್ಲ. ಎರಡೋ ಮೂರೋ ತೆನೆ ಹಬ್ಬಗಳು ಹೀಗೆ ಹೋದವು.

ಇನ್ನು ಬರೆಯುವುದು ವಿದ್ಯಾನಗರದಿಂದ ಬರುವ ಬಸ್ಸಿನಲ್ಲಿ ಕೇಳಿದ್ದು. ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ ಹೊಲಿಗೆಯ ಹುದ್ದೆ ಹೋಗುವ ಅಂದಾಜಿತ್ತು. ಅಲ್ಲಿನ ಜಿಲ್ಲಾ ಶಿಕ್ಷಣ ಆಫೀಸಿನಲ್ಲಿ ಮಲಯಾಳದಲ್ಲಿ ಮಾತಾಡಲು ಜೊತೆಗೆ ಬನ್ನಿ ಎಂದು ಟೀಚರ್ ನನ್ನನ್ನು ಕರೆದುಕೊಂಡು ಹೋಗಿದ್ದರು. ಹುದ್ದೆ ಸದ್ಯಕ್ಕೆ ಉಳಿಯಿತು. ಬರುವಾಗ ಕುಂಬಳೆಯಲ್ಲಿ ಬಸ್ಸು ಕೆಟ್ಟು ನಿಂತಿತು. ಎಲ್ಲರೂ ಇಳಿದರು, ನಾವು ಕೂತೇ ಇದ್ದೆವು. ಮಳೆ ಇತ್ತೋ ಬಿಸಿಲೋ ಮರೆತಿದ್ದೇನೆ. ಮಾತು ಮರೆತಿಲ್ಲ.

"ಮಾಸ್ಟ್ರೇ, ಅಲ್ಲಿ ಕೊನೇ ದಿನ ಎಂತ ಮಾಡಿಸ್ತಾರೆ ಗೊತ್ತುಂಟಾ?" ಎಂದರು. ಎಲ್ಲಿ ಎಂದು ನಾನು ಕೇಳಬೇಕಾಗಲಿಲ್ಲ.

ಕೊನೆಯ ದಿನ ಸ್ಟ್ಯಾನಿಯನ್ನು ವೇದಿಕೆಗೆ ಕರೆದರಂತೆ. ತಾಯಿಯ ಕಾಲ ಬಳಿ ಮೊಣಕಾಲೂರಿ ಕ್ಷಮೆ ಕೇಳು ಎಂದರಂತೆ. ಅವನು ಊರಿದ. ಕೇಳಿದ. ಟೀಚರ್ ಅವನ ತಲೆಯ ಮೇಲೆ ಕೈಯಿಟ್ಟು ಕ್ಷಮಿಸಿದ್ದೇನೆ ಎಂದರು. ಪೆಂಡಾಲಿನ ಅಷ್ಟೂ ಜನ ಚಪ್ಪಾಳೆ ತಟ್ಟಿದರು, ಹಾಡಿದರು.

"ನಾನು ಕ್ಷಮಿಸಿದೆ ಮಾಸ್ಟ್ರೇ. ಎಂತಕ್ಕೆ ಕ್ಷಮಿಸಿದ್ದು ಅಂತ ಈಗ್ಲೂ ಗೊತ್ತಾಗ್ಲಿಲ್ಲ. ಅವ ಎಂತ ಮಾಡಿದ್ದಾನೆ ನನಗೆ? ನನ್ನ ಹತ್ರ ಸತ್ಯ ಹೇಳಿದ. ನಾನು ಅವನನ್ನು ಅಷ್ಟು ಜನರ ಎದುರು ಮೊಣಕಾಲೂರಿಸಿದೆ. ಕ್ಷಮಿಸ್ಬೇಕಾದದ್ದು ಅವ."

ಇನ್ನೊಂದೂ ಹೇಳಿದರು. ಪಾಪ ನಿವೇದನೆಗೆ ಹೋದಾಗೆಲ್ಲ ಇದನ್ನು ಹೇಳುತ್ತಾರಂತೆ: ಮಗನಿಗೆ ಅವಮಾನ ಮಾಡಿದ್ದೇನೆ ಎಂದು. ಜಾಲರಿಯ ಆಚೆ ಯಾವ ಪಾದ್ರಿ ಇದ್ದರೂ ಅದು ಪಾಪವಲ್ಲ, ಪುಣ್ಯದ ಕೆಲಸ, ಮುಂದಿನ ಪಾಪ ಹೇಳಿ ಎನ್ನುತ್ತಾರಂತೆ. ಹೇಳಿದ್ದನ್ನು ಪಾಪ ಎಂದು ಒಪ್ಪದಿದ್ದರೆ ಅದಕ್ಕೆ ಬಿಡುಗಡೆ ಕೊಡುವುದು ಹೇಗೆ?

"ಬೇರೆ ಎಲ್ಲ ಪಾಪಕ್ಕೂ ಪ್ರಾಯಶ್ಚಿತ್ತ ಉಂಟು ಮಾರಾಯ್ರೆ. ಇದೊಂದು ನನ್ನ ಹತ್ರವೇ ಉಳೀತದೆ" ಎಂದು ನಕ್ಕರು. ಅವರು ನಗುವುದು ಅಪರೂಪ. ನೋಡಲು ಚಂದವಿರಲಿಲ್ಲ.

ಟೀಚರ್ ಇಗರ್ಜಿ ಬಿಟ್ಟರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ರತಿ ಬೆಳಗ್ಗೆ ಪೂಜೆಗೆ ಹೋಗುತ್ತಿದ್ದರು, ಪ್ರತಿ ಸಂಜೆ ಜಪಮಣಿ ಹಿಡಿಯುತ್ತಿದ್ದರು. ದೇವರ ಮೇಲೆ ಅವರಿಗೆ ದೂರಿದ್ದಂತೆ ಕಾಣಲಿಲ್ಲ. ಒಮ್ಮೆ ಇಷ್ಟು ಹೇಳಿದ್ದರು: ದೇವರು ಬಟ್ಟೆ ಸರಿಯಾಗಿಯೇ ಕೊಟ್ಟಿದ್ದಾನೆ, ಕತ್ತರಿ ಹಾಕುವವರದ್ದೇ ಅಳತೆ ತಪ್ಪು.

ಆ ವರ್ಷದ ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಟೀಚರ್ ನನ್ನನ್ನು ಕಿಟಕಿಯ ಹತ್ತಿರ ಕರೆದು ನಿಲ್ಲಿಸಿ, ಕೊರಳಿನ ಟೇಪು ತೆಗೆದು ನನ್ನ ಭುಜದ ಅಳತೆ ತೆಗೆದರು. ಎದೆ, ತೋಳು, ಮಣಿಕಟ್ಟು. ನನಗೆ ಅಂಗಿಯಾ ಎಂದು ಕೇಳಿದೆ. ಬಾಯಲ್ಲಿ ಸೂಜಿ ಇರಲಿಲ್ಲ, ಟೇಪು ಸುತ್ತುತ್ತಾ ಹೇಳಿದರು.

"ನಿಮಗಲ್ಲ. ನಿಮ್ಮಷ್ಟೇ ಮೈ ಇರುವ ಒಬ್ಬನಿಗೆ. ಅವನನ್ನು ಒಂದೇ ಸಲ ನೋಡಿದ್ದು ನಾನು, ರೈಲಿನಲ್ಲಿ. ಭುಜ ನಿಮ್ಮದೇ."

ಸಜಿಯನ್ನು ಅವರು ರೈಲಿನಲ್ಲಿ ಹೇಗೆ ನೋಡಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಸ್ಟ್ಯಾನಿ ಮತ್ತು ಸಜಿ ಪರಿಚಯವಾದದ್ದು ಆ ಧ್ಯಾನ ಕೇಂದ್ರದಲ್ಲಿಯೇ. ಸಜಿ ನಮ್ಮ ಜಿಲ್ಲೆಯವನೇ, ಪೂರ್ವದ ಗುಡ್ಡಗಳಿಗೆ ರಬ್ಬರ್ ಹಾಕಲು ಬಂದ ಸಿರಿಯನ್ ಕ್ರೈಸ್ತರ ಮನೆಯವನು. ಅದೇ ಕಾರಣಕ್ಕೆ ಅವನ ತಂದೆಯೂ ಅವನನ್ನು ಅಲ್ಲಿಗೆ ಕರೆದೊಯ್ದಿದ್ದರು. ಇಷ್ಟು ಸರಿಯಾಗಿ ಕೂಡಿಕೊಳ್ಳುವ ಕಥೆಯನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಒಪ್ಪುತ್ತಿರಲಿಲ್ಲ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಚಹಾದ ಸಾಲಿನಲ್ಲಿ ಮಾತು ಶುರುವಾಯಿತು ಎಂದು ಸ್ಟ್ಯಾನಿ ಹೇಳುತ್ತಾನೆ. ಅಲ್ಲಿ ಮಾತೇ ಆಡಿಲ್ಲ, ವಾಪಸು ಬರುವ ರೈಲಿನಲ್ಲಿ, ಕಾಞಂಗಾಡಿನಲ್ಲಿ ತಾನು ಇಳಿಯುವ ಮೊದಲು ಮಾತಾಡಿದ್ದು ಎಂದು ಸಜಿ. ಅಷ್ಟು ವ್ಯತ್ಯಾಸವಿರುವುದರಿಂದಲೇ ನಂಬಿದ್ದೇನೆ.

ಅಂಗಿಗಳನ್ನು ಟೀಚರೇ ಮಂಗಳೂರಿಗೆ ಕೊಂಡುಹೋದರು. ಬೂದು ಬಣ್ಣ, ಸಣ್ಣ ಬಿಳಿ ಗೀರು. ಬಾಗಿಲಲ್ಲಿ ಏನಾಯಿತು ಎಂಬುದಕ್ಕೂ ಎರಡು ಹೇಳಿಕೆಗಳಿವೆ. ಹಬ್ಬಕ್ಕೆ ಇಬ್ಬರೂ ಬನ್ನಿ, ಬರದಿದ್ದರೆ ಅಂಗಿ ವಾಪಸು ಕೊಡಿ ಎಂದರೆಂದು ಸ್ಟ್ಯಾನಿ. ಹಬ್ಬದ ಸುದ್ದಿಯನ್ನೇ ಎತ್ತದೆ ಕೂತು ನೀರು ಕುಡಿದರು, ಅಂಗಿ ಹಾಕಿಸಿ ಬೆನ್ನಿನ ಕಡೆ ಎಳೆದು ನೋಡಿದರು, ನಿನ್ನ ಮಲಯಾಳ ನನಗೆ ಅರ್ಥ ಆಗುವುದಿಲ್ಲ, ಮೆಲ್ಲ ಮಾತಾಡು ಎಂದರೆಂದು ಸಜಿ. ನಾನು ಸ್ಟ್ಯಾನಿಯನ್ನು ನೇರವಾಗಿ ಕೇಳಿದೆ, ಅಮ್ಮ ಕ್ಷಮೆ ಕೇಳಿದರಾ ಎಂದು. "ಇಲ್ಲ ಸರ್. ಅಂಗಿ ಕೊಟ್ಟರು" ಎಂದ.

ಹಬ್ಬದ ದಿನ ಮಧ್ಯಾಹ್ನದ ಊಟಕ್ಕೆ ನನ್ನನ್ನೂ ಕರೆದಿದ್ದರು. ಲಾರೆನ್ಸ್ ರಜೆಯಲ್ಲಿ ಒಬ್ಬನೇ ಬಂದಿದ್ದ, ತಾಯಿ ಹೊಲಿದ ಬೂದು ಅಂಗಿ ಹಾಕಿಕೊಂಡಿದ್ದ. ಪಾದ್ರಿ ಮಾವ ಬಂದಿದ್ದರು. ಸ್ಟ್ಯಾನಿ ಮತ್ತು ಸಜಿ ಬಂದು ಜಗಲಿಯಲ್ಲಿ ನಿಂತಾಗ ಮೂರು ಗಂಡಸರ ಮೈಮೇಲೂ ಒಂದೇ ಬಟ್ಟೆ. ಅದನ್ನು ಮೊದಲು ಗಮನಿಸಿದ್ದು ಲಾರೆನ್ಸ್. ಒಳಗೆ ಹೋಗಿ ಬೇರೆ ಅಂಗಿ ಹಾಕಿಕೊಂಡು ಬಂದ. ಟೀಚರ್ ನೋಡಿದರು.

ಈ ಹಬ್ಬದಲ್ಲಿ ಊಟ ಬೇರೆ, ನವೆಂ ಬೇರೆ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿ ಕೊಟ್ಟ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಅರೆದು, ತೆಂಗಿನ ಹಾಲಿಗೆ ಬೆರೆಸುತ್ತಾರೆ. ಅದು ನವೆಂ. ಮನೆಯ ಹಿರಿಯರು ಪ್ರಾರ್ಥನೆ ಹೇಳಿ ಒಬ್ಬೊಬ್ಬರಿಗೂ ಸ್ವಲ್ಪ ಸ್ವಲ್ಪ ಕೊಡುತ್ತಾರೆ. ಮನೆಯವರಿಗೆ ಮಾತ್ರ. ದೂರ ಇರುವ ಮಕ್ಕಳಿಗೆ ಕಾಳು ಕಳುಹಿಸಿಕೊಡುವುದೂ ಉಂಟು. ಆಮೇಲೆ ತರಕಾರಿಯ ಊಟ. ಅದಕ್ಕೆ ಯಾರು ಬೇಕಾದರೂ ಕೂರಬಹುದು. ನಾನು ಜಗಲಿಯ ಬೆಂಚಿನಲ್ಲಿ ಪತ್ರಿಕೆ ಹಿಡಿದು ಕೂತಿದ್ದೆ. ಬಾಗಿಲು ತೆರೆದಿತ್ತು, ಮೇಜು ಕಾಣುತ್ತಿತ್ತು. ಮನೆಯೊಳಗೆ ಅವರದ್ದು ಕೊಂಕಣಿ. ಆ ದಿನ ಟೀಚರ್ ಮಾತನ್ನು ಬೇಕೆಂದೇ ಕನ್ನಡಕ್ಕೆ ಎಳೆದರು. ನಾನು ಕೇಳಲಿ ಎಂದೋ, ಸಜಿಗೆ ಕೊಂಕಣಿಗಿಂತ ಕನ್ನಡ ಸ್ವಲ್ಪ ಹೆಚ್ಚು ತಿಳಿಯುತ್ತದೆ ಎಂದೋ.

ಮೇಜಿನ ಮೇಲೆ ಐದು ಪುಟ್ಟ ಲೋಟ ಇಟ್ಟಿದ್ದರು. ಪಾದ್ರಿಗಳು ಎದ್ದು ಪ್ರಾರ್ಥನೆ ಶುರುಮಾಡಬೇಕಿತ್ತು. ಅವರು ಲೋಟಗಳನ್ನು ನೋಡಿ ಮೆಲ್ಲಗೆ, ಕೆಟ್ಟ ಮಾತೇ ಅಲ್ಲ ಎಂಬಂತೆ ಹೇಳಿದರು.

"ಅಕ್ಕ, ಅವನಿಗೆ ಊಟ ಹಾಕು, ಬೇಡ ಅಂತ ಯಾರು ಹೇಳಿದ್ದು? ನಮ್ಮ ಮನೆಗೆ ಬಂದ ಅತಿಥಿ. ನವೆಂ ಆಗುವವರೆಗೆ ಹೊರಗೆ ಕೂರಲಿ."

"ಅತಿಥಿ ಹೊರಗೆಯೇ ಕೂತಿದ್ದಾರೆ, ಪೇಪರ್ ಓದ್ತಾ ಇದ್ದಾರೆ" ಎಂದರು ಟೀಚರ್.

ನಾನು ಪತ್ರಿಕೆಯನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿದೆ.

ಲಾರೆನ್ಸ್ ಎದ್ದ. ಊರವರು ಉಗಿಯುತ್ತಾರೆ, ನಾಳೆ ನನ್ನ ಮಕ್ಕಳಿಗೆ ಸಂಬಂಧ ಯಾರು ಕೊಡುತ್ತಾರೆ ಎಂದ. ಅವನಿಗೆ ಆಗ ಇದ್ದದ್ದು ಎರಡು ವರ್ಷದ ಒಂದು ಮಗು. ಸಜಿ ಹೊರಗೆ ಬರಲು ಕುರ್ಚಿ ಸರಿಸಿದ. ಟೀಚರ್ ಅವನ ತೋಳು ಹಿಡಿದು ಕೂರಿಸಿದರು. ಪ್ರೀತಿಯಿಂದ ಎಂದು ಬರೆಯಲಾರೆ, ತರಗತಿಯಲ್ಲಿ ಎದ್ದ ಮಕ್ಕಳನ್ನು ಕೂರಿಸುವ ಹಾಗೆ. ಆಮೇಲೆ ತಮ್ಮನ ಕಡೆ ತಿರುಗಿದರು.

"ಫಾದರ್, ವಿಳಾಸ ಕೊಟ್ಟದ್ದು ನೀನು. ಹೋಗು, ದೇವರು ದಾರಿ ತೋರಿಸ್ತಾನೆ ಅಂದದ್ದೂ ನೀನು. ನಾನು ಹೋದೆ. ಅಲ್ಲಿ ಸಿಕ್ಕಿದವನು ಇವನು. ಈಗ ದೇವರು ಕೊಟ್ಟದ್ದು ಬೇಡ ಅಂತ ನಾನು ಹೇಳ್ಬೇಕಾ?"

ಪಾದ್ರಿಗಳು ಸಣ್ಣ ದನಿಯಲ್ಲಿ ಕೊಂಕಣಿಯಲ್ಲಿ ಏನೋ ಹೇಳಿದರು. ಕ್ಷಮಾ ಎಂಬ ಶಬ್ದ ನನಗೆ ಕೇಳಿಸಿತು. ಅಥವಾ ಬರೆಯುವವನ ಕಿವಿಗೆ ಕೇಳಿಸಿತು. ಟೀಚರ್ ಉತ್ತರ ಕೊಟ್ಟದ್ದು ಕನ್ನಡದಲ್ಲಿ.

"ಆ ಶಬ್ದ ಈ ಮೇಜಿನ ಮೇಲೆ ಬೇಡ. ಅದನ್ನು ಒಂದು ಸಲ ಹೇಳಿದ್ದೇನೆ, ಸಾಕು."

ಪ್ರಾರ್ಥನೆಯನ್ನು ಅವರೇ ಹೇಳಿದರು. ಪಾದ್ರಿ ಕೂತಿರುವ ಮನೆಯಲ್ಲಿ ಒಬ್ಬ ಹೆಂಗಸು. ಸ್ಟ್ಯಾನಿ ಕೊಂಕಣಿಯಲ್ಲಿ, ಸಜಿ ಮಲಯಾಳದಲ್ಲಿ ಓಗೊಟ್ಟರು. ಎರಡೂ ಒಂದೇ ಹೊತ್ತಿಗೆ ಮುಗಿಯುತ್ತಿರಲಿಲ್ಲ. ಟೀಚರ್ ಇಬ್ಬರದ್ದೂ ಮುಗಿಯುವವರೆಗೆ ಕಾಯುತ್ತಿದ್ದರು. ಆಮೇಲೆ ಲೋಟ ಕೊಟ್ಟರು. ಲಾರೆನ್ಸ್ ತನ್ನದನ್ನು ಮುಟ್ಟಲಿಲ್ಲ. ಹಿತ್ತಿಲಿಗೆ ಹೋಗಿ ಸಿಗರೇಟು ಹಚ್ಚಿದ. ಪಾದ್ರಿಗಳು ಕುಡಿದರು. ಆಶೀರ್ವಾದವಾದ ಕಾಳನ್ನು ಚೆಲ್ಲುವಂತಿಲ್ಲ. ಅವರು ಕುಡಿದದ್ದಕ್ಕೆ ಅದೇ ಕಾರಣವಿರಬಹುದು, ಬೇರೆಯೂ ಇರಬಹುದು. ಊಟಕ್ಕೆ ನನ್ನನ್ನು ಒಳಗೆ ಕರೆದಾಗ ಲಾರೆನ್ಸನ ಲೋಟಕ್ಕೆ ಇರುವೆ ಹತ್ತಿತ್ತು. ಎಲ್ಲರೂ ಅದರ ಎದುರೇ ಕೂತು ಉಂಡೆವು. ಟೀಚರ್ ಸಜಿಯ ಎಲೆ ನೋಡಿ, ಮರಗೆಣಸು ತಿಂದು ಬೆಳೆದವರಿಗೆ ಹರಿವೆ ಸೇರುವುದಿಲ್ಲವಾ ಎಂದು ಕುಟುಕಿದರು. ಸಜಿ ಹರಿವೆಯನ್ನು ಪೂರ್ತಿ ತಿಂದ.

ಇದರ ಬೆಲೆ ತೆರುವಂತಾಗಲು ಒಂದು ವರ್ಷವೂ ಬೇಕಾಗಲಿಲ್ಲ. ಯಾರೂ ಎದುರಿಗೆ ಏನೂ ಹೇಳಲಿಲ್ಲ. ಮದುವೆಯ ಬಟ್ಟೆ ಹೊಲಿಯಲು ಬರುವವರು ಕಡಿಮೆಯಾದರು. ಮುಂದಿನ ತೆನೆ ಹಬ್ಬಕ್ಕೆ ಬಾಲ ಮೇರಿಯ ಅಂಗಿ ಮಂಗಳೂರಿನಿಂದ ರೆಡಿಮೇಡ್ ಬಂತು. ಟೀಚರಿಗೆ ವಯಸ್ಸಾಯಿತು, ಕಣ್ಣಿಗೆ ತೊಂದರೆ ಯಾಕೆ ಎಂದರಂತೆ. ಆ ದಿನ ಇಗರ್ಜಿಯಿಂದ ಹೊರಗೆ ಬರುವಾಗ ದಾರಿಯಲ್ಲಿ ನಾನು ಸಿಕ್ಕಿದೆ. ಅವರ ಕೈಯಲ್ಲಿ ಆಶೀರ್ವಾದದ ತೆನೆ ಇತ್ತು. ಹೇಗಿತ್ತು ಹಬ್ಬ ಎಂದು ಕೇಳಿದೆ.

"ಕಂಕುಳಲ್ಲಿ ಬಿಗಿ ಉಂಟು. ಪಾಪ, ಮಗುವಿಗೆ ಉಸಿರು ಕಟ್ತದೆ" ಎಂದರು.

ಆ ಹಬ್ಬಕ್ಕೂ, ಅದರ ಮುಂದಿನದಕ್ಕೂ ಇಬ್ಬರೂ ಮಂಗಳೂರಿನಿಂದ ಬಂದರು. ಲಾರೆನ್ಸ್ ಸೆಪ್ಟೆಂಬರಿನಲ್ಲಿ ರಜೆ ಹಾಕುವುದನ್ನು ಬಿಟ್ಟ. ಟೀಚರ್ ನಿವೃತ್ತರಾದರು, ಮೆಷಿನ್ನಿನ ಜಾಗಕ್ಕೆ ಸ್ಟಾಫ್ ರೂಮಿನಲ್ಲಿ ಒಂದು ಕಪಾಟು ಬಂತು. ಕೊನೆಯ ತಿಂಗಳುಗಳಲ್ಲಿ ಅವರು ಹಾಸಿಗೆ ಹಿಡಿದಾಗ ಸಜಿ ಆಸ್ಪತ್ರೆಯ ಕೆಲಸಕ್ಕೆ ರಜೆ ಹಾಕಿ ಬಂದು ನೋಡಿಕೊಂಡ. ಮೈ ಒರೆಸಿದ್ದು, ಹೊರಳಿಸಿದ್ದು, ಗಂಜಿ ಕುಡಿಸಿದ್ದು ಅವನು. ಆ ಕೈಗಳ ಬಗ್ಗೆ ಪ್ರಸಂಗದಲ್ಲಿ ಏನೂ ಬರಲಿಲ್ಲ.

ಪ್ರಸಂಗದಲ್ಲಿ ಬಂದದ್ದು ವೇದಿಕೆ. ಧ್ಯಾನ ಕೇಂದ್ರದಲ್ಲಿ ಸಾವಿರಾರು ಜನರ ಎದುರು ಮಗ ಮೊಣಕಾಲೂರಿದ್ದು, ತಾಯಿ ತಲೆಯ ಮೇಲೆ ಕೈಯಿಟ್ಟದ್ದು. ಅಕ್ಕನ ಬಾಳಿನ ಅತ್ಯಂತ ಪವಿತ್ರ ಗಳಿಗೆ ಅದು ಎಂದರು ಪಾದ್ರಿಗಳು. ಅವರ ದುಃಖ ನಿಜ, ಅದನ್ನು ಸುಳ್ಳು ಎನ್ನಲಾರೆ. ಸ್ಟ್ಯಾನಿ ಎರಡನೆಯ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದ. ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಬೂದು ಬಟ್ಟೆ, ಸಣ್ಣ ಬಿಳಿ ಗೀರು. ಕೆಲವು ಬೆಂಚು ಹಿಂದೆ ಅದೇ ಬಟ್ಟೆಯ ಇನ್ನೊಂದು ಬೆನ್ನು. ಆ ಬಟ್ಟೆ ನೀಲಿ ಎಂದು ಸಹೋದ್ಯೋಗಿಯೊಬ್ಬರು ಈಗಲೂ ವಾದಿಸುತ್ತಾರೆ. ನೀಲಿಯಾದರೆ ನೀಲಿ. ಎರಡೂ ಒಂದೇ ಬಣ್ಣ ಎಂಬುದನ್ನು ಅವರೂ ಒಪ್ಪುತ್ತಾರೆ.

ಪೂಜೆ ಮುಗಿದ ಮೇಲೆ ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಬೆಂಚಿನ ಮೇಲಿಟ್ಟರು. ಮುಚ್ಚುವ ಮೊದಲು ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸಿಕೊಳ್ಳುವುದು ಅವರಲ್ಲಿ ರೂಢಿ. ಗಲ್ಫಿನಲ್ಲಿರುವ ನೆಂಟರಿಗೆ ಕಳುಹಿಸಬೇಕು, ಮನೆಯ ಗೋಡೆಗೂ ಬೇಕು. ಫೋಟೋದವನು ಹೊಸಬ, ಉಪ್ಪಳದ ಕಡೆಯವನು. ಯಾರು ಯಾರೆಂದು ಅವನಿಗೆ ಗೊತ್ತಿಲ್ಲ. ಅವನು ಲಾರೆನ್ಸನ ಸಂಸಾರವನ್ನು ತಲೆಯ ಹತ್ತಿರ ನಿಲ್ಲಿಸಿದ, ಸ್ಟ್ಯಾನಿಯನ್ನು ಎಡಕ್ಕೆ. ಆಮೇಲೆ ಸುತ್ತ ನೋಡಿದಾಗ ಕಣ್ಣಿಗೆ ಬಿದ್ದದ್ದು ತೆಂಗಿನ ಮರದ ಹತ್ತಿರ ಒಬ್ಬನೇ ನಿಂತಿದ್ದ ಸಜಿ.

"ಅಣ್ಣ, ನೀವು ಯಾಕೆ ಅಲ್ಲಿ? ಬನ್ನಿ ಬನ್ನಿ. ಅಣ್ಣತಮ್ಮ ಇಬ್ಬರೂ ಈ ಬದಿಗೆ ಒಟ್ಟಿಗೆ ನಿಲ್ಲಿ."

ಅವನ ತಪ್ಪೇನಿದೆ? ಅಂಗಿ ನೋಡಿ ಹೇಳಿದ. ಮಕ್ಕಳು ಕಳೆದುಹೋದರೆ ಜನ ಅಂಗಿ ನೋಡಿ ತಂದು ಬಿಡುತ್ತಿದ್ದ ಕಾಲದ ಹಾಗೆ. ಸಜಿ ಎರಡು ಹೆಜ್ಜೆ ಮುಂದೆ ಬಂದ. ಬಂದನೋ, ಬರಲು ಹೊರಟನೋ.

"ಅವರು ನಮ್ಮ ಮನೆಯವರಲ್ಲ" ಎಂದ ಲಾರೆನ್ಸ್. ಜೋರಾಗಿಯೂ ಹೇಳಲಿಲ್ಲ. ಅಕ್ಕಿ ಗಿರಣಿಯಲ್ಲಿ ಯಾರದೋ ಚೀಲ ನಮ್ಮದಲ್ಲ ಎನ್ನುವ ಹಾಗೆ.

ಪಾದ್ರಿಗಳು ಹತ್ತಿರದಲ್ಲಿಯೇ ಇದ್ದರು. ಈಗಷ್ಟೇ ಎರಡು ಕೈ ಚಾಚುವುದರ ಬಗ್ಗೆ ಹೇಳಿ ಬಂದವರು. ಅವರು ಪುಸ್ತಕದ ಪುಟ ಹುಡುಕುತ್ತಿದ್ದರು.

ಸ್ಟ್ಯಾನಿ ಬಾಗಿ ತಾಯಿಯ ಹಣೆ ಮುಟ್ಟಿದ. ನಂತರ ಸಾಲಿನಿಂದ ಹೊರಗೆ ಬಂದು ತೆಂಗಿನ ಮರದ ಹತ್ತಿರ ಹೋಗಿ ನಿಂತ. ಯಾರ ಕಡೆಯೂ ನೋಡಲಿಲ್ಲ.

ಈಗ ಸಾಲಿನ ಎಡಗಡೆ ಖಾಲಿ. ಫೋಟೋದವನು ಒಂದು ಕಣ್ಣು ಮುಚ್ಚಿ, ಇಲ್ಲಿ ಜಾಗ ಉಳಿದಿದೆ, ಚಂದ ಬರುವುದಿಲ್ಲ ಎಂದ. ಲಾರೆನ್ಸ್ ಸುತ್ತ ಕಣ್ಣಾಡಿಸಿ ನನ್ನನ್ನು ಕಂಡ.

"ಮಾಸ್ಟ್ರೇ, ನೀವು ಬನ್ನಿ. ಅಮ್ಮನಿಗೆ ನಿಮ್ಮ ಮೇಲೆ ತುಂಬ ಅಭಿಮಾನ."

ಜಗಲಿಯಲ್ಲಿ ಪತ್ರಿಕೆ ಓದಿದ ಅತಿಥಿ ಬರಬಹುದು. ಅವನ ಭುಜದ ಅಳತೆಯೂ ಸಜಿಯದ್ದೇ. ಬಾಯಿ ತೆರೆದಿದ್ದರೆ ಅಲ್ಲಿ ಹೇಳಬಾರದ ಮಾತು ಬರುತ್ತಿತ್ತು. ಬಾಯಿ ತುಂಬ ಸೂಜಿ ಇಟ್ಟುಕೊಂಡವನ ಹಾಗೆ ಬೇಡವೆಂದು ತಲೆ ಆಡಿಸಿದೆ. ಕೊನೆಗೆ ಆ ಜಾಗಕ್ಕೆ ಪಾದ್ರಿಗಳೇ ಬಂದು ನಿಂತರು. ಅಗಲದ ಬಿಳಿ ನಿಲುವಂಗಿ. ಜಾಗ ಸುಲಭವಾಗಿ ತುಂಬಿತು.

ಸ್ಮಶಾನದ ಕಡೆ ನಡೆಯುವಾಗ ಒಬ್ಬರು ಅಜ್ಜಿ ನನ್ನ ಪಕ್ಕದಲ್ಲಿ ಬರುತ್ತಿದ್ದರು. "ಎಷ್ಟು ಕ್ಷಮಿಸಿದಳು ಪಾಪ. ಆದರೂ ನೋಡಿ, ಆ ಮಗ ಫೋಟೋಗೂ ನಿಲ್ಲಲಿಲ್ಲ" ಎಂದರು.

ಆ ಫೋಟೋ ಈಗ ಲಾರೆನ್ಸನ ಮನೆಯ ಹಜಾರದಲ್ಲಿದೆ, ಕಟ್ಟು ಹಾಕಿಸಿ, ಬಣ್ಣದ ಬಲ್ಬು ಹಚ್ಚಿ. ಅವನ ಮಗಳ ಹುಟ್ಟುಹಬ್ಬಕ್ಕೆ ಹೋದಾಗ ನೋಡಿದೆ. ಎಲ್ಲರೂ ಪೆಟ್ಟಿಗೆಯೊಳಗೆ ನೋಡುತ್ತಿದ್ದಾರೆ. ಪಾದ್ರಿಗಳು ಎರಡು ಜನರ ಜಾಗದಲ್ಲಿ ನಿಂತು ಒಂದು ಕೈಯನ್ನು ಪೆಟ್ಟಿಗೆಯ ಕಡೆ ಚಾಚಿದ್ದಾರೆ. ಆ ನಿಲುವಂಗಿ ಟೀಚರ್ ಹೊಲಿದದ್ದಲ್ಲ. ಕಂಕುಳಲ್ಲಿ ಬಿಗಿ ಉಂಟು.